ಊರಿನ ಬಾರ್ ನಿಯಮ ಬದಲಾಗಬೇಕೇ? ಮನವಿ ಎಲ್ಲಿಗೆ, ಹೇಗೆ?

ಶಾಲೆಯ ಹತ್ತಿರ ಬಾರ್ ಬಂದಿದೆ, ಕಡಲತೀರದ ರೆಸಾರ್ಟಿನಲ್ಲಿ ನಡುರಾತ್ರಿಯಾದರೂ ಡಿಜೆ ಸದ್ದು ನಿಲ್ಲುವುದಿಲ್ಲ, ವೈನ್ ಶಾಪ್ ಎದುರಿನ ರಸ್ತೆಯೇ ಕುಡಿಯುವ ಜಾಗವಾಗಿದೆ ಎಂಬ ದೂರುಗಳು ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಊರುಗಳಲ್ಲಿಯೂ ಘಟ್ಟದ ಮೇಲಿನ ಶಿರಸಿಯಲ್ಲಿಯೂ ಹೊಸತಲ್ಲ. ಪ್ರವಾಸಿಗರನ್ನೇ ನಂಬಿಕೊಂಡ ಹೋಟೆಲಿನವರಿಗೂ ತಮ್ಮದೇ ಅಹವಾಲುಗಳಿವೆ. ಎರಡೂ ಕಡೆಯವರು ಮೊದಲು ಹೋಗುವುದು ನಗರಸಭೆಗೆ. ಆದರೆ ಮದ್ಯದ ಸನ್ನದಿನ, ಅಂದರೆ ಮಾರಾಟ ಪರವಾನಗಿಯ, ನಿಯಮವನ್ನು ಬದಲಿಸುವ ಅಧಿಕಾರ ನಗರಸಭೆಗೆ ಇಲ್ಲವಾದ್ದರಿಂದ, ಅಲ್ಲಿ ಠರಾವು ಪಾಸಾದರೂ ಅದು ಕಡತದಲ್ಲಿಯೇ ಉಳಿದುಬಿಡುವ ಸಂಭವ ಹೆಚ್ಚು. ಯಾವ ಮಾತನ್ನು ಯಾವ ಕಚೇರಿಗೆ ಒಯ್ಯಬೇಕೆಂದು ತಿಳಿದುಕೊಂಡರೆ ಅರ್ಧ ಕೆಲಸ ಆದಂತೆಯೇ.

ಸಂವಿಧಾನದ 7ನೇ ಅನುಸೂಚಿಯ ಪ್ರಕಾರ ಮದ್ಯ ರಾಜ್ಯದ ವಿಷಯ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಅಧಿನಿಯಮ, ಅದರಡಿ ಬಂದ 1967ರ ಸಾಮಾನ್ಯ ಷರತ್ತುಗಳ ನಿಯಮಗಳು ಮತ್ತು 1968ರ ದೇಶಿ-ವಿದೇಶಿ ಮದ್ಯ ಮಾರಾಟ ನಿಯಮಗಳು ಜಾರಿಯಲ್ಲಿವೆ. ಸನ್ನದಿನ ಬಗೆ, ಶುಲ್ಕ, ವಹಿವಾಟಿನ ವೇಳೆ, ಗ್ರಾಹಕರ ವಯಸ್ಸು ಇವೆಲ್ಲ ಬದಲಾಗಬೇಕಾದರೆ ಬೆಂಗಳೂರಿನಲ್ಲಿ ಸರ್ಕಾರವೇ ತಿದ್ದುಪಡಿ ತರಬೇಕು. ಸಂಗೀತ, ನೃತ್ಯ, ಡಿಜೆ ನಡೆಯುವ ಮನರಂಜನಾ ತಾಣಗಳ ಮಾತು ಬೇರೆ. ಅವುಗಳ ಪರವಾನಗಿ ಮತ್ತು ನಿಯಂತ್ರಣಕ್ಕೆ ಆದೇಶ ಹೊರಡಿಸುವ ಅಧಿಕಾರವನ್ನು 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 31ನೇ ಕಲಮು ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಕಾರವಾರದಲ್ಲಿ ಕೂರುವ ಜಿಲ್ಲಾಧಿಕಾರಿಗೆ ಕೊಟ್ಟಿದೆ. ಉದ್ದಿಮೆ ಪರವಾನಗಿ, ಕಟ್ಟಡದ ಬಳಕೆ, ಕಸ ವಿಲೇವಾರಿ ನಗರಸಭೆಯ ಕೈಯಲ್ಲಿವೆ. ನಗರಸಭೆ ತನ್ನ ಈ ಅಧಿಕಾರವನ್ನೇ ಪೂರ್ತಿ ಬಳಸಿದರೂ ಅನೇಕ ತಕರಾರುಗಳು ಊರಿನಲ್ಲಿಯೇ ಬಗೆಹರಿಯುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಮೊದಲ ಕೆಲಸ ಊರಿನ ಸನ್ನದುಗಳ ಪಟ್ಟಿ. ಎಲ್ಲವನ್ನೂ ‘ಬಾರ್’ ಎಂದು ಬರೆದರೆ ಅಬಕಾರಿ ಕಚೇರಿಯಲ್ಲಿ ಮನವಿ ನಿಲ್ಲುವುದಿಲ್ಲ. ಸಿಎಲ್-2 ಎಂದರೆ ಬಾಟಲಿ ಕೊಂಡು ಹೋಗುವ ಅಂಗಡಿ, ಅಲ್ಲಿ ಕೂತು ಕುಡಿಯುವಂತಿಲ್ಲ. ಸಿಎಲ್-9 ಎಂದರೆ ಊಟ-ತಿಂಡಿಯೊಂದಿಗೆ ಮದ್ಯ ಬಡಿಸುವ ಬಾರ್ ಆ್ಯಂಡ್ ರೆಸ್ಟೋರೆಂಟ್, ಅಲ್ಲಿಂದ ಬಾಟಲಿ ಒಯ್ಯುವಂತಿಲ್ಲ. ಸಿಎಲ್-7 ವಸತಿಗೃಹಗಳದ್ದು, ಸಿಎಲ್-4 ಕ್ಲಬ್‌ಗಳದ್ದು, ಸಿಎಲ್-11ಸಿ ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳದ್ದು. ಒಂದೆರಡು ದಿನದ ಸಮಾರಂಭಕ್ಕೆ ಸಿಎಲ್-5 ಸಿಗುತ್ತದೆ. ಗೋಕರ್ಣದ ಕಡೆಯ ಹೊಸ ವರ್ಷದ ಕೂಟಗಳ ಬಗ್ಗೆ ವಿಚಾರಿಸುವಾಗ ಮೊದಲು ಕೇಳಬೇಕಾದದ್ದು ಈ ಸನ್ನದನ್ನೇ. ಹೊಸ ಸಿಎಲ್-2 ಮತ್ತು ಸಿಎಲ್-9 ಸನ್ನದುಗಳನ್ನು ಸರ್ಕಾರ ದಶಕಗಳ ಕಾಲ ಸಾಮಾನ್ಯವಾಗಿ ಕೊಟ್ಟಿರಲಿಲ್ಲ. ಹೀಗಾಗಿ ನಿಮ್ಮ ಬೀದಿಗೆ ಹೊಸದಾಗಿ ಬಂದ ಬಾರ್ ಹೆಚ್ಚಾಗಿ ಬೇರೆಡೆಯಿಂದ ಸ್ಥಳಾಂತರಗೊಂಡ ಹಳೆಯ ಸನ್ನದಾಗಿರುತ್ತದೆ, ಇಲ್ಲವೇ ಸಿಎಲ್-7 ಆಗಿರುತ್ತದೆ. ಪಟ್ಟಿ ಕೊಡಲು ಕಚೇರಿ ಮೀನಮೇಷ ಎಣಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ ಮತ್ತು 150 ಪದಗಳ ಮಿತಿ ಇರುವುದರಿಂದ ಸನ್ನದಿನ ಪಟ್ಟಿಗೊಂದು, ಸ್ಥಳಾಂತರದ ಆದೇಶಗಳಿಗೊಂದು ಎಂದು ಬೇರೆ ಬೇರೆ ಅರ್ಜಿ ಬರೆಯುವುದು ಕ್ಷೇಮ.

ಎರಡನೆಯದು ಅಳತೆ. ಬಹುತೇಕ ಮನವಿಗಳು ಇಲ್ಲಿಯೇ ಮುಗ್ಗರಿಸುತ್ತವೆ. 1967ರ ನಿಯಮಗಳ 5ನೇ ನಿಯಮದಂತೆ ಧಾರ್ಮಿಕ ಅಥವಾ ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ, ಹಾಗೆಯೇ ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹೆಚ್ಚಾಗಿ ವಾಸಿಸುವ ವಸತಿ ಪ್ರದೇಶದಲ್ಲಿ ಸನ್ನದು ಕೊಡುವಂತಿಲ್ಲ. ಈ 100 ಮೀಟರ್ ಆಕಾಶಮಾರ್ಗದ ಲೆಕ್ಕವಲ್ಲ. ಅಂಗಡಿಯ ಬಾಗಿಲಿನ ನಡುಮಧ್ಯದಿಂದ ಹೊರಟು, ಪಾದಚಾರಿಗಳು ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿಯಲ್ಲಿ ಸಾಗಿ, ಸಂಸ್ಥೆಗೆ ಆವರಣ ಗೋಡೆಯಿದ್ದರೆ ಅದರ ಸಮೀಪದ ಗೇಟಿನ ನಡುಮಧ್ಯದವರೆಗೆ, ಗೋಡೆಯಿಲ್ಲದಿದ್ದರೆ ಕಟ್ಟಡದ ಬಾಗಿಲಿನ ನಡುಮಧ್ಯದವರೆಗೆ ಅಳೆಯಬೇಕು. ಮೊಬೈಲ್ ನಕ್ಷೆಯಲ್ಲಿ ಎಳೆದ ನೇರ ಗೆರೆ 80 ಮೀಟರ್ ತೋರಿಸಿದರೂ ಸುತ್ತು ಹಾಕಿ ನಡೆಯುವ ದಾರಿ 130 ಮೀಟರ್ ಇದ್ದರೆ ನಿಮ್ಮ ಆಕ್ಷೇಪಣೆ ಬಿದ್ದುಹೋಗುತ್ತದೆ. ಶಾಲೆಗೆ ಹಿಂಬದಿಯಲ್ಲೊಂದು ಸಣ್ಣ ಗೇಟಿದ್ದು ಮಕ್ಕಳು ದಿನವೂ ಅದರಲ್ಲಿಯೇ ಓಡಾಡುತ್ತಿದ್ದರೆ ಅದನ್ನು ಮರೆಯದೆ ಅಳೆಯಿರಿ. ಮುಂಬಾಗಿಲಿನಿಂದ ಸಿಗದ 100 ಮೀಟರ್ ಅಲ್ಲಿಂದ ಸಿಕ್ಕೀತು. ಟೇಪು ಹಿಡಿದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಕೈಯಲ್ಲಿ ಬರೆದ ನಕಾಶೆ ಮತ್ತು ಛಾಯಾಚಿತ್ರಗಳೊಂದಿಗೆ ಜಂಟಿ ಸ್ಥಳ ಪರಿಶೀಲನೆಗೆ ಲಿಖಿತವಾಗಿ ಕೋರಿ.

ಹೆದ್ದಾರಿಯ ವಿಚಾರದಲ್ಲಿ ಹಳೆಯ ಸುದ್ದಿಯನ್ನು ನೆಚ್ಚಿಕೊಳ್ಳಬೇಡಿ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಕೂಡದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತು. 2017ರ ಮಾರ್ಚ್‌ನಲ್ಲಿ, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಆ ಅಂತರವನ್ನು 220 ಮೀಟರಿಗೆ ಇಳಿಸಿತು. ಅದೇ ವರ್ಷದ ಜುಲೈನಲ್ಲಿ, ನಗರಾಡಳಿತದ ಮಿತಿಯೊಳಗಿನ ಸನ್ನದುಗಳಿಗೆ ಈ ನಿರ್ಬಂಧ ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿತು. ಹೀಗಾಗಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲಿರುವ ಬಾರ್ ಕಾರವಾರ ನಗರಸಭೆಯ ಗಡಿಯೊಳಗಿದೆಯೋ, ಪಕ್ಕದ ಗ್ರಾಮ ಪಂಚಾಯಿತಿಯಲ್ಲಿದೆಯೋ ಎಂಬುದರ ಮೇಲೆ ನಿಮ್ಮ ವಾದ ನಿಂತಿರುತ್ತದೆ.

ಸದ್ದಿನ ದೂರಿಗೆ ಅಬಕಾರಿ ಕಚೇರಿಯ ದಾರಿ ಕಾಯಬೇಕಾಗಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದ್ದು 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ದೂರಿನಲ್ಲಿ ದಿನಾಂಕ, ವೇಳೆ, ಸದ್ದು ಕೇಳಿದ ಜಾಗ ಮೂರನ್ನೂ ನಮೂದಿಸಿ. ಇಂಥ ದೂರುಗಳ ಪ್ರತಿಗಳೇ ಮುಂದೆ ಜಿಲ್ಲಾ ದಂಡಾಧಿಕಾರಿಯಿಂದ ಮನರಂಜನಾ ತಾಣಗಳ ಬಗ್ಗೆ ಆದೇಶ ಕೋರುವಾಗ ಆಧಾರವಾಗುತ್ತವೆ.

ಇಷ್ಟಾದ ಮೇಲೆ ಠರಾವು ಬರೆಯಿರಿ. ‘ಬಾರ್‌ಗಳನ್ನು ನಿಯಂತ್ರಿಸಬೇಕು’ ಎಂಬ ಒಂದೇ ಸಾಲಿನ ಠರಾವಿನಿಂದ ಯಾವ ಅಧಿಕಾರಿಗೂ ಕೆಲಸ ಸಿಗುವುದಿಲ್ಲ. ಈಗಿರುವ ನಿಯಮದ ಸಂಖ್ಯೆ, ಅದರಲ್ಲಿ ಬದಲಾಗಬೇಕಾದ ಪದಗಳು, ಬದಲಿಗೆ ಬರಬೇಕಾದ ವಾಕ್ಯ ಮತ್ತು ಕಾರಣ ಈ ಕ್ರಮದಲ್ಲಿ ಬರೆದು, ಅಳತೆಯ ನಕಾಶೆಗಳನ್ನು ಲಗತ್ತಿಸಿ, ಸರ್ಕಾರದ ಪಾಲಿನದನ್ನು ಜಿಲ್ಲಾಧಿಕಾರಿ ಮತ್ತು ಅಬಕಾರಿ ಆಯುಕ್ತರ ಮೂಲಕ ಕಳುಹಿಸಿ, ಜಿಲ್ಲೆಯ ಪಾಲಿನದನ್ನು ಪ್ರತ್ಯೇಕ ಮನವಿಯಾಗಿ ಕೊಡಿ. ಸನ್ನದುದಾರರನ್ನೂ ಸಭೆಗೆ ಕರೆಯಲೇಬೇಕು. ಅವರ ಜೀವನೋಪಾಯದ ಪ್ರಶ್ನೆಯಿದು. ಅವರ ಮಾತು ಕೇಳದೆ ಮಾಡಿದ ಆದೇಶ ನ್ಯಾಯಾಲಯದಲ್ಲಿ ಉಳಿಯುವುದೂ ಕಷ್ಟ. ಮಾಜಾಳಿ ಗಡಿ ದಾಟಿ ಬರುವ ಗೋವಾದ ಅಗ್ಗದ ಮದ್ಯದ ಪೆಟ್ಟು ಎಂಥದ್ದೆಂದು ಅವರೇ ಸರಿಯಾಗಿ ಹೇಳಬಲ್ಲರು.

ವೇಳೆಯೂ ಮುಖ್ಯ. ಸನ್ನದಿನ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ನವೀಕರಣದ ಕಡತಗಳು ಓಡಾಡುವ ಮೊದಲೇ, ಮಾರ್ಚ್ ಅಥವಾ ಏಪ್ರಿಲ್ ಹೊತ್ತಿಗೆ ಆಕ್ಷೇಪಣೆ ಕಚೇರಿ ಸೇರಿ ಸ್ವೀಕೃತಿ ಮುದ್ರೆ ಬಿದ್ದಿರಬೇಕು. ಶಿರಸಿಯವರು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಮದ್ಯ ಮಾರಾಟದ ನಿರ್ಬಂಧ ಬಯಸಿದರೆ ಅದಕ್ಕೆ ನಿಯಮದ ತಿದ್ದುಪಡಿಯೇ ಬೇಡ. ಶಾಂತಿ ಪಾಲನೆಯ ಕಾರಣಕ್ಕೆ ಅಂಗಡಿ ಮುಚ್ಚಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಈಗಾಗಲೇ ಇದೆ.

ಸರ್ಕಾರ ಒಪ್ಪಿದರೆ ಕರಡು ನಿಯಮ ರಾಜ್ಯಪತ್ರದಲ್ಲಿ ಪ್ರಕಟವಾಗಿ ಆಕ್ಷೇಪಣೆ, ಸಲಹೆಗಳಿಗೆ ಗಡುವು ಕೊಡಲಾಗುತ್ತದೆ. ಈ ಹಂತವನ್ನು ಯಾರೂ ಹಗುರವಾಗಿ ಕಾಣಬಾರದು. ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡನ್ನು 2023ರ ಜನವರಿಯಲ್ಲಿ ಸರ್ಕಾರ ಹಿಂದಕ್ಕೆ ಪಡೆದದ್ದು ಜನರಿಂದ ಬಂದ ಆಕ್ಷೇಪಣೆಗಳ ಕಾರಣಕ್ಕೆ. ಅಂತಿಮ ಅಧಿಸೂಚನೆ ಬಂದ ಕೂಡಲೇ ಅದರ ಕನ್ನಡ ಪ್ರತಿಯನ್ನು ಅಬಕಾರಿ ನಿರೀಕ್ಷಕರು, ಪೊಲೀಸ್ ಠಾಣೆ, ನಗರಸಭೆಯ ಆರೋಗ್ಯ ಶಾಖೆ ಮತ್ತು ಪ್ರತಿಯೊಬ್ಬ ಸನ್ನದುದಾರರಿಗೆ ತಲುಪಿಸಿ ಸಹಿ ಪಡೆಯಿರಿ. ಮೊದಲ ಉಲ್ಲಂಘನೆಯ ದೂರು ಕೊಡುವ ದಿನ ಆ ಸಹಿಯ ಪ್ರತಿಯನ್ನೇ ಲಗತ್ತಿಸಬೇಕಾಗುತ್ತದೆ.