ಪಾಪ್ಲರ್ ಬಿಟ್ಟು ಸುಬಾಬುಲ್ ಹಿಡಿದದ್ದು

ವಿಜಯಪುರ ಜಿಲ್ಲೆಯ ನಮ್ಮ ಮನೆತನ ಪುಣೆ ಜಿಲ್ಲೆಯ ದೌಂಡ್ ತಾಲೂಕಿಗೆ ಬಂದು ನೆಲೆಸಿ ಎರಡು ತಲೆಮಾರು ಕಳೆದಿವೆ. ಕಬ್ಬಿಗೆ ನೀರು ಸಾಲದ ಅರ್ಧ ಎಕರೆಯಲ್ಲಿ ಉರುವಲಿನ ಮರ ಬೆಳೆಸಲು ಹೊರಟಾಗ ನನ್ನ ಮನಸ್ಸಿನಲ್ಲಿದ್ದುದು ಪಾಪ್ಲರ್ ಎಂಬ, ಬೇಗ ಬೆಳೆಯುವ ಚಳಿನಾಡಿನ ಮರ. ಯುರೋಪ್, ಅಮೆರಿಕಗಳಲ್ಲಿ ಮಿಶ್ರತಳಿಯ ಪಾಪ್ಲರನ್ನು ಒತ್ತಾಗಿ ನೆಟ್ಟು, ಕೆಲವೇ ವರ್ಷಗಳಿಗೊಮ್ಮೆ ಬುಡ ಉಳಿಸಿ ಕಡಿದು, ಮತ್ತೆ ಚಿಗುರಿ ಬಂದದ್ದನ್ನೂ ಬಾಯ್ಲರುಗಳಿಗೆ ಕೊಡುವ ಪದ್ಧತಿ, ಕಬ್ಬಿನ ಕೂಳೆ ಬೆಳೆದು ಬಲ್ಲ ನನಗೆ ಬಹಳ ಹಿಡಿಸಿತ್ತು. ಹರಿಯಾಣದ ಯಮುನಾನಗರದ ಕಡೆಯಿಂದ 50 ಕಡ್ಡಿ ತರಿಸಿ, ಒಂದು ಕಣ್ಣು ಮಾತ್ರ ಮೇಲುಳಿಯುವಂತೆ ಊರಿದೆ. ಚಿಗುರೇನೋ ಬಂತು, ಎರಡನೆಯ ಬೇಸಿಗೆ ದಾಟಿದ್ದು ಮೂರೇ ಗಿಡ. ನಮ್ಮ ದೇಶದಲ್ಲಿ ಆ ಮರ ಚೆನ್ನಾಗಿ ಬರುವುದು ಸುಮಾರು 28 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರದ, ಚಳಿ ಬೀಳುವ, ನೀರಿಗೆ ಬರವಿಲ್ಲದ ಬಯಲಿನಲ್ಲಿ. ನಮ್ಮ ಹೊಲವಿರುವುದು 18ರ ಆಸುಪಾಸಿನಲ್ಲಿ. ಮೊದಲೇ ನಕಾಶೆ ನೋಡಿದ್ದರೆ ಹಣ ಉಳಿಯುತ್ತಿತ್ತು.

ಪಾಪ್ಲರ್ ಕೈಕೊಟ್ಟ ಮೇಲೆ ಹಿಡಿದದ್ದು ಸುಬಾಬುಲ್, ಬೇಗ ಬೆಳೆಯುವ ದ್ವಿದಳ ಜಾತಿಯ ಮರ. ಅದು ನಮ್ಮ ಭಾಗಕ್ಕೆ ಹೊಸತಲ್ಲ. ಹತ್ತಿರದ ಉರುಳಿಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರು 1967ರಲ್ಲಿ ಕಟ್ಟಿದ ಬೈಫ್ ಎಂಬ ಗ್ರಾಮಾಭಿವೃದ್ಧಿ ಸಂಸ್ಥೆಯೇ ಅದನ್ನು ಮೇವಿಗೂ ಕಟ್ಟಿಗೆಗೂ ಬೆಳೆಯಿರೆಂದು ರೈತರಿಗೆ ಹೇಳಿಕೊಟ್ಟಿತ್ತು. ಬೀಜದ ಸಿಪ್ಪೆ ಗಟ್ಟಿಯಾದುದರಿಂದ ಕುದಿಯುವ ಮೊದಲೇ ಇಳಿಸಿದ ಬಿಸಿನೀರಿನಲ್ಲಿ ಮೂರು ನಿಮಿಷ ಅದ್ದಿ, ಆಮೇಲೆ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕಿದೆ. ಗಾಳಿಯ ಸಾರಜನಕ ಹಿಡಿಯುವ ಗಂಟುಗಳನ್ನು ಬೇರಿನಲ್ಲಿ ಕಟ್ಟುವ ಸೂಕ್ಷ್ಮಜೀವಿಗಳು ಸಿಗಲೆಂದು ಊರಾಚೆಯ ಹಳೆಯ ಸುಬಾಬುಲ್ ಮರದ ಬುಡದಿಂದ ಒಂದು ಬುಟ್ಟಿ ಮಣ್ಣು ತಂದು ಸಸಿಯ ಚೀಲಗಳಿಗೆ ಬೆರೆಸಿದೆ. ಸಾಲಿನಿಂದ ಸಾಲಿಗೆ 2 ಮೀಟರ್, ಗಿಡದಿಂದ ಗಿಡಕ್ಕೆ 1 ಮೀಟರ್ ಅಂತರದಲ್ಲಿ ಸುಮಾರು ಸಾವಿರ ಸಸಿ ಹಿಡಿಸಿದವು.

ಎಡವಿದ್ದು ಮೊದಲ ಕಡಿತದಲ್ಲಿ. ಕೂಲಿಯವರು ಕೊಡಲಿಯಿಂದ ನೆಲಮಟ್ಟಕ್ಕೆ ಕಡಿದಾಗ ಬುಡದ ತೊಗಟೆ ಸೀಳಿ, ಹಲವು ಬುಡಗಳಿಗೆ ಗೆದ್ದಲು ಹತ್ತಿತು. ಮರುಸಲ ಒಂದಡಿ ಎತ್ತರದಲ್ಲಿ, ಮಳೆನೀರು ನಿಲ್ಲದಂತೆ ತುಸು ಓರೆಯಾಗಿ, ಗರಗಸದಿಂದಲೇ ಕೊಯ್ಸಿದೆ; ಗೊಂಚಲಾಗಿ ಎದ್ದ ಚಿಗುರಿನಲ್ಲಿ ದಪ್ಪನೆಯ ಎರಡು ಮೂರನ್ನು ಬಿಟ್ಟು ಉಳಿದುದನ್ನು ಆಡುಗಳಿಗೆ ಹಾಕಿದೆ. ಮಿಮೋಸಿನ್ ಎಂಬ ವಿಷಾಂಶ ಇರುವುದರಿಂದ ಆ ಸೊಪ್ಪು ಒಟ್ಟು ಮೇವಿನ ಮೂರನೆಯ ಒಂದು ಪಾಲನ್ನು ಮೀರಬಾರದು. ಕಾಯಿ ಒಣಗಿ ಬೀಜ ಸಿಡಿಯುವ ಮೊದಲೇ ಕಡಿಯದಿದ್ದರೆ ಪಕ್ಕದ ಹೊಲದವರ ಬೈಗುಳ ತಪ್ಪಿದ್ದಲ್ಲ.

ಇಷ್ಟೆಲ್ಲ ಆದ ಮೇಲೂ ಬೆಲೆ ನಿಂತಿರುವುದು ತೇವಾಂಶದ ಮೇಲೆ. ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಲೆಯಲ್ಲಿ ಒಂದು ಕಿಲೋ ನೀರು ಆವಿಯಾಗಲು ಸುಮಾರು 600 ಕಿಲೋಕ್ಯಾಲರಿ ಶಾಖ ವ್ಯರ್ಥವಾಗುತ್ತದೆ. ಅದಕ್ಕೇ ಕೊಳ್ಳುವವರು ಹಸಿಯದಕ್ಕೆ ಬೆಲೆ ಮುರಿಯುತ್ತಾರೆ. ಕಡಿದ ದಿನ ಒಂದು ಕಿಲೋ ತೂಗಿದ ತುಂಡೊಂದನ್ನು ಗುರುತು ಮಾಡಿ ಅಟ್ಟದ ಮೇಲಿಟ್ಟೆ. ಆರು ವಾರಗಳ ಬಳಿಕ ಅಡುಗೆಮನೆಯ ತಕ್ಕಡಿಯಲ್ಲಿ ಅದು 640 ಗ್ರಾಂ ತೂಗಿತು. ಅಂದಿನಿಂದ ಏಪ್ರಿಲ್ ಬಿಸಿಲಿನಲ್ಲಿ ಕಟ್ಟಿಗೆಯನ್ನು ಅಡ್ಡಡ್ಡ ಜೋಡಿಸಿ ಒಣಗಿಸದೆ ಆಲೆಮನೆಯವರ ಟ್ರ್ಯಾಕ್ಟರನ್ನು ಕರೆಸಿಲ್ಲ.