ಹಬ್ಬದ ಮಾರಾಟಕ್ಕೆ ಕೈಕಸುಬಿನವರ ಸಿದ್ಧತೆ: ಕ್ಯಾಲೆಂಡರನ್ನು ಹಿಂದಿನಿಂದ ಓದಿ

ಮಣ್ಣಿನ ಕೆಲಸಕ್ಕೆ ಕೈಹಾಕಿದ ಮೊದಲ ವರ್ಷ, ಹಬ್ಬಕ್ಕೆ ಹನ್ನೆರಡು ದಿನ ಉಳಿದಿರುವಾಗ ನಾನು ನಲವತ್ತು ಬಟ್ಟಲುಗಳ ಆರ್ಡರ್ ಒಪ್ಪಿಕೊಂಡೆ. ಬಟ್ಟಲುಗಳೇನೋ ಮೂರೇ ದಿನಗಳಲ್ಲಿ ಚಕ್ರದಿಂದ ಇಳಿದವು. ಅವು ಆರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಮುಟ್ಟಿದರೆ ಇನ್ನೂ ತಣ್ಣಗಿದ್ದವನ್ನೇ ಭಟ್ಟಿಗೆ ಸೇರಿಸಿದೆ. ಮಣ್ಣಿನೊಳಗೆ ಉಳಿದ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಬೆಯಾಗುತ್ತದೆ. ಹೊರಬರಲು ದಾರಿ ಸಿಗದಿದ್ದರೆ ಪಾತ್ರೆಯನ್ನೇ ಸಿಡಿಸುತ್ತದೆ. ಬಾಗಿಲು ತೆರೆದಾಗ ಹದಿನೇಳು ಬಟ್ಟಲುಗಳು ಚೂರಾಗಿದ್ದವು, ಆ ಚೂರು ತಗುಲಿ ಇನ್ನು ಕೆಲವದರ ಅಂಚು ಮುಕ್ಕಾಗಿತ್ತು. ಸೀಸನ್‌ಗೆ ಸಿದ್ಧರಾಗುವುದೆಂದರೆ ರಾತ್ರಿ ಹಗಲು ದುಡಿಯುವುದಲ್ಲ, ದಿನ ಎಣಿಸುವುದು ಎಂದು ಆಗ ತಿಳಿಯಿತು.

ಮೊದಲು ಕೊನೆಯ ದಿನ ಗುರುತು ಮಾಡಿ

ಹಬ್ಬದ ತಾರೀಖಿನಿಂದಲ್ಲ, ಕೊರಿಯರ್‌ನವರು ‘ಇದರೊಳಗೆ ಕೊಟ್ಟರೆ ಹಬ್ಬಕ್ಕೆ ತಲುಪುತ್ತದೆ’ ಎನ್ನುವ ದಿನದಿಂದ ಲೆಕ್ಕ ಶುರುವಾಗಬೇಕು. ಅವರ ಮಾತಿನ ಮೇಲೆ ಇನ್ನೂ ನಾಲ್ಕು ದಿನ ಹಿಂದಕ್ಕೆ ಬನ್ನಿ. ಆ ವಾರ ಅವರ ಗೋದಾಮೂ ತುಂಬಿ ತುಳುಕುತ್ತಿರುತ್ತದೆ. ಅಲ್ಲಿಂದ ಪ್ಯಾಕಿಂಗ್‌ಗೆ ಬೇಕಾದ ದಿನಗಳನ್ನು ಕಳೆಯಿರಿ. ಆಮೇಲೆ ವಸ್ತು ತನ್ನಷ್ಟಕ್ಕೆ ಹದವಾಗಲು ಕೇಳುವ ಕಾಲವನ್ನು ಕಳೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ, ಏಕೆಂದರೆ ಆ ದಿನಗಳಲ್ಲಿ ಮಾಡುವ ಕೆಲಸ ಏನೂ ಕಾಣುವುದಿಲ್ಲ.

ಬಿಸಿ ಮಾಡದೆ ತಯಾರಿಸುವ ಸಾಬೂನು ಒಂದೆರಡು ದಿನಗಳಲ್ಲಿ ಗಟ್ಟಿಯಾದರೂ ಅದಕ್ಕೆ 4ರಿಂದ 6 ವಾರ ಗಾಳಿಯಾಡಬೇಕು. ಒಳಗಿನ ನೀರು ಆರಿದಂತೆ ಬಿಲ್ಲೆ ಗಡುಸಾಗುತ್ತದೆ, ಬೇಗ ಕರಗುವುದಿಲ್ಲ. ತೂಕವೂ ಇಳಿಯುತ್ತದೆ, ಆದ್ದರಿಂದ ಲೇಬಲ್‌ನಲ್ಲಿ ತೂಕ ಬರೆಯುವವರು ಆರಿದ ಮೇಲೆಯೇ ತೂಗಬೇಕು. ಸೋಯಾ ಮೇಣದ ಸುಗಂಧ ಬತ್ತಿಗಳನ್ನು ಸುಮಾರು ಎರಡು ವಾರ ಮುಚ್ಚಿಟ್ಟರೆ ಉರಿಸಿದಾಗ ಪರಿಮಳ ಚೆನ್ನಾಗಿ ಹರಡುತ್ತದೆ. ಮಣ್ಣಿನ ಪಾತ್ರೆ ಆರಬೇಕು, ಸುಮಾರು 1,000 ಡಿಗ್ರಿಯಲ್ಲಿ ಒಮ್ಮೆ ಬೇಯಬೇಕು, ಹೊಳಪು ಲೇಪಿಸಿದ ಮೇಲೆ ಮತ್ತೊಮ್ಮೆ ಬೇಯಬೇಕು. ಭಟ್ಟಿ ಕಾಯಲು ಹಿಡಿಯುವಷ್ಟೇ ಹೊತ್ತು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ತಣಿಯಲು ಬೇಕು. ಅವಸರಕ್ಕೆ ಬಾಗಿಲು ತೆರೆದರೆ ತಣ್ಣನೆಯ ಗಾಳಿ ತಾಗಿ ಒಳ್ಳೆಯ ಪಾತ್ರೆಯೂ ಟಣ್ಣೆಂದು ಬಿರುಕು ಬಿಡುತ್ತದೆ. ನಿಮ್ಮ ಕಸುಬಿನ ಇಂಥ ಕಾಯುವ ದಿನಗಳನ್ನೆಲ್ಲ ಕ್ಯಾಲೆಂಡರಿನಲ್ಲಿ ಬರೆದುಕೊಂಡರೆ, ‘ಇನ್ನೂ ಎರಡು ತಿಂಗಳಿದೆ’ ಎಂಬ ಸಮಾಧಾನ ಥಟ್ಟನೆ ಕರಗುತ್ತದೆ.

ಕೈಗೆ ಎಷ್ಟು ಸಾಧ್ಯ?

ಒಂದು ವಾರ ಗಡಿಯಾರ ಎದುರಿಗಿಟ್ಟುಕೊಂಡು ಕೆಲಸ ಮಾಡಿ. ವಸ್ತು ತಯಾರಿಸಿದ ಹೊತ್ತನ್ನಷ್ಟೇ ಬರೆದರೆ ಸಾಲದು. ಸಂದೇಶಗಳಿಗೆ ಉತ್ತರಿಸಿದ್ದು, ಫೋಟೊ ತೆಗೆದದ್ದು, ಪೆಟ್ಟಿಗೆ ಹುಡುಕಿದ್ದು, ಕೊರಿಯರ್ ಕಚೇರಿಯಲ್ಲಿ ಸಾಲಿನಲ್ಲಿ ನಿಂತದ್ದು ಎಲ್ಲವೂ ಬರಲಿ. ಒಂದು ಬಟ್ಟಲಿಗೆ ಎಲ್ಲ ಸೇರಿ 50 ನಿಮಿಷ, ವಾರಕ್ಕೆ ಸಿಗುವುದು 30 ಗಂಟೆ ಎಂದಿಟ್ಟುಕೊಳ್ಳಿ. ವಾರಕ್ಕೆ 36, ಆರು ವಾರಕ್ಕೆ 216. ಒಡೆಯುವುದು, ಜ್ವರ, ಮನೆಗೆ ಬರುವ ನೆಂಟರು ಎಂದು ಕಾಲು ಭಾಗ ತೆಗೆದರೆ 162. ನೀವು ಮಾರಬಹುದಾದ ಬಟ್ಟಲುಗಳು ಅಷ್ಟೇ. ನೂರ ಅರವತ್ಮೂರನೆಯದಕ್ಕೆ ಮುಂಗಡ ಪಡೆದರೆ ನೀವು ಮಾರುತ್ತಿರುವುದು ನಿದ್ದೆಯನ್ನು.

ಹೆಸರು ಬರೆಸಿಕೊಳ್ಳುವ, ಬಣ್ಣ ಬದಲಿಸಿ ಕೇಳುವ ಆರ್ಡರ್‌ಗಳನ್ನು ಉಳಿದವುಗಳಿಗಿಂತ ಎರಡು ವಾರ ಮೊದಲೇ ನಿಲ್ಲಿಸಿ. ಹೆಸರು ತಪ್ಪಾಗಿ ಕೆತ್ತಿದ ಪೆಟ್ಟಿಗೆಯನ್ನು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ.

ಬಗೆ ಕಡಿಮೆ, ಸಾಮಗ್ರಿ ಮೊದಲೇ

ಹಬ್ಬ ಬಂತೆಂದು ಹೊಸ ವಿನ್ಯಾಸಕ್ಕೆ ಇಳಿಯಬೇಡಿ. ವರ್ಷವಿಡೀ ತಾನಾಗಿ ಮಾರಾಟವಾದ ನಾಲ್ಕೈದು ವಸ್ತುಗಳೇ ಸಾಕು. ಉಣ್ಣೆ ಹೆಣೆಯುವವರು ನೂಲಿನ ಉಂಡೆಯ ಸುತ್ತುಪಟ್ಟಿಯಲ್ಲಿರುವ ಡೈ ಲಾಟ್ ಸಂಖ್ಯೆಯನ್ನು, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ನೂಲಿನ ಗುರುತನ್ನು, ನೋಡಿ, ಇಡೀ ಸೀಸನ್‌ಗೆ ಬೇಕಾಗುವುದನ್ನು ಒಂದೇ ಲಾಟ್‌ನಲ್ಲಿ ಕೊಳ್ಳಬೇಕು. ಅದೇ ಕಂಪನಿಯ ಅದೇ ‘ಕಡುನೀಲಿ’ ಮುಂದಿನ ಲಾಟ್‌ನಲ್ಲಿ ಬೇರೆ ನೀಲಿಯಾಗಿರಬಹುದು. ಅಂಗಡಿಯ ದೀಪದಲ್ಲಿ ಇದು ಕಾಣದು. ಶಾಲು ಮುಗಿದು ಬಿಸಿಲಿಗೆ ಬಂದಾಗ ನಡುವಿನ ಗೆರೆ ಎದ್ದು ಕಾಣುತ್ತದೆ.

ಬೆಲೆ, ಮತ್ತು ರಿಯಾಯಿತಿ ಎಂಬ ಬಲೆ

ಸಾಮಗ್ರಿ, ನಿಮ್ಮ ಗಂಟೆಗಳ ಕೂಲಿ, ವಿದ್ಯುತ್ತು, ಬಾಡಿಗೆ, ಆನ್‌ಲೈನ್ ಮಾರುಕಟ್ಟೆಯ ಕಮಿಷನ್, ಪೆಟ್ಟಿಗೆ, ಅದರ ಮೇಲೆ ಲಾಭ. ಕೂಲಿಯನ್ನು ಲಾಭದೊಳಗೆ ಅಡಗಿಸುವ ಅಭ್ಯಾಸ ನಮ್ಮವರಲ್ಲಿ ಬಹಳ, ಅವೆರಡೂ ಬೇರೆ. ಅಂಗಡಿಗಳಿಗೆ ಸಗಟಿನಲ್ಲಿ ಕೊಡುವ ಯೋಚನೆ ಇದ್ದರೆ ಇನ್ನೊಂದು ಎಚ್ಚರ ಬೇಕು. ಅವರು ಸಾಮಾನ್ಯವಾಗಿ ಮಾರಾಟದ ಬೆಲೆಯ ಅರ್ಧದಷ್ಟಕ್ಕೆ ಕೇಳುತ್ತಾರೆ. ಆ ಅರ್ಧದಲ್ಲೂ ನಿಮ್ಮ ಕೂಲಿ ಹುಟ್ಟಬೇಕು.

ದೊಡ್ಡ ಮಳಿಗೆಗಳು ಹಬ್ಬಕ್ಕೆ ಬೆಲೆ ಇಳಿಸಿದಾಗ ನಮಗೂ ಕೈ ತುರಿಸುತ್ತದೆ. ಲೆಕ್ಕ ಹಾಕಿ ನೋಡಿ: 100ಕ್ಕೆ ಮಾರುವ ವಸ್ತುವಿನ ವೆಚ್ಚ 70, ಲಾಭ 30. ಶೇ 20ರಷ್ಟು ರಿಯಾಯಿತಿ ಕೊಟ್ಟರೆ ಬರುವುದು 80, ಉಳಿಯುವುದು 10. ಮೊದಲಿನಷ್ಟೇ ಲಾಭ ಕಾಣಲು ಮೂರು ಪಟ್ಟು ಮಾರಬೇಕು. ಕಾರ್ಖಾನೆಗೆ ಅದು ಇನ್ನೊಂದು ಪಾಳಿ, ನಮಗೆ ಇನ್ನೂ ಎರಡು ಜೊತೆ ಕೈಗಳು. ಏನಾದರೂ ಕೊಡಲೇಬೇಕು ಎನಿಸಿದರೆ ಉಡುಗೊರೆಯ ಕಾಗದ ಸುತ್ತಿಕೊಡಿ, ಇಲ್ಲವೆ ಬೇಗ ಆರ್ಡರ್ ಕೊಟ್ಟವರಿಗೆ ಸಾಗಣೆ ವೆಚ್ಚ ಬಿಡಿ. ಎರಡನೆಯದರಿಂದ ನಿಮ್ಮ ಕೆಲಸವೂ ಹಂಚಿಹೋಗುತ್ತದೆ.

ಫೋಟೊ

ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ, ಮನೆಯ ದೀಪಗಳನ್ನು ಆರಿಸಿ ತೆಗೆಯಿರಿ. ಒಂದು ಚಿತ್ರದಲ್ಲಾದರೂ ವಸ್ತು ಯಾರದಾದರೂ ಕೈಯಲ್ಲಿರಲಿ. ಸೆಂಟಿಮೀಟರ್ ಓದುವ ಗ್ರಾಹಕರು ಅಪರೂಪ.

ಪ್ಯಾಕಿಂಗ್: ದೊಣ್ಣೆಗೆ ನಿಮಿಷ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಕಟ್ಟಿದವರು ಕೊರಿಯರ್ ವ್ಯಾನು ಕಂಡಿರಲಾರರು, ಆದರೂ ಮಾತು ಕರಾರುವಾಕ್ಕಾಗಿದೆ. ಒಡೆಯುವ ವಸ್ತುವನ್ನು ಮೊದಲು ಒಂದು ಚಿಕ್ಕ ಪೆಟ್ಟಿಗೆಯಲ್ಲಿಟ್ಟು, ಅದನ್ನು ದೊಡ್ಡ ಪೆಟ್ಟಿಗೆಯೊಳಗೆ ಇಡಿ. ನಡುವೆ ಎಲ್ಲ ಬದಿಗೂ 5 ಸೆಂ.ಮೀ.ನಷ್ಟು ಮೆತ್ತೆ ಇರಲಿ. ಹಿಡಿಕೆ, ಮೂತಿ, ಮುಚ್ಚಳಗಳಿಗೆ ಬೇರೆಯಾಗಿ ಸುತ್ತಿ. ಮುಚ್ಚಿದ ಪೆಟ್ಟಿಗೆಯನ್ನು ಕಿವಿಯ ಬಳಿ ಅಲುಗಾಡಿಸಿದಾಗ ಸದ್ದು ಬಂದರೆ ಬಿಚ್ಚಿ ಮತ್ತೆ ತುಂಬಿ. ಆಮೇಲೆ ಎದೆ ಗಟ್ಟಿ ಮಾಡಿಕೊಂಡು ಒಂದನ್ನು ಸೊಂಟದ ಎತ್ತರದಿಂದ ನೆಲಕ್ಕೆ ಬಿಡಿ. ನಾನು ಇದಕ್ಕೆಂದೇ ಸೊಟ್ಟಗಾದ ಬಟ್ಟಲುಗಳನ್ನು ಎತ್ತಿಡುತ್ತೇನೆ.

ಹಗುರವಾದ ವಸ್ತುಗಳದ್ದು ಬೇರೆ ಗೋಳು. ಕೊರಿಯರ್‌ನವರು ಪೆಟ್ಟಿಗೆಯ ಗಾತ್ರಕ್ಕೂ ಹಣ ಕೇಳುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಬಹುತೇಕ ಕಡೆ ನಡೆಯುವ ಲೆಕ್ಕ. 40, 30, 20 ಸೆಂ.ಮೀ. ಪೆಟ್ಟಿಗೆ ಹೀಗೆ 4.8 ಕಿಲೊ ಆಗುತ್ತದೆ, ಒಳಗಿರುವ ಬೆತ್ತದ ಬುಟ್ಟಿ 600 ಗ್ರಾಂ ಇದ್ದರೂ. ತೂಗಿ ಸಾಗಣೆ ದರ ಹೇಳಿಬಿಟ್ಟರೆ ವ್ಯತ್ಯಾಸ ನಿಮ್ಮ ತಲೆಗೆ. ಬುಟ್ಟಿಗಳನ್ನು ಒಂದರೊಳಗೊಂದು ಕೂರುವ ಅಳತೆಯಲ್ಲಿ ಹೆಣೆದು, ಮೂರರ ಜೊತೆಯಾಗಿ ಮಾರುವುದು ಜಾಣತನ.

ಮೇಳದಲ್ಲಿ ಮಳಿಗೆ ಹಾಕುವುದಾದರೆ

ಕೊಡುವ ಜಾಗದ ಅಳತೆ ಕೇಳಿಕೊಂಡು, ಮನೆಯ ನೆಲದ ಮೇಲೆ ಟೇಪ್ ಅಂಟಿಸಿ ಒಮ್ಮೆ ಜೋಡಿಸಿ ನೋಡಿ. ಎಲ್ಲವನ್ನೂ ಮೇಜಿನ ಮೇಲೆ ಹರಡಿದರೆ ಹಾದುಹೋಗುವವರಿಗೆ ಕಾಣುವುದು ಮೇಜುಬಟ್ಟೆ ಮಾತ್ರ. ಕೆಲವನ್ನಾದರೂ ಕಣ್ಣಿನ ಮಟ್ಟಕ್ಕೆ ಏರಿಸಿ. ಬೆಲೆ ಬರೆದಿರಲಿ. ಕೇಳಲು ಸಂಕೋಚಪಡುವವರು ಕೇಳದೆಯೇ ಮುಂದೆ ಹೋಗುತ್ತಾರೆ. ಚಿಲ್ಲರೆ, ಬ್ಯಾಟರಿ, ಕತ್ತರಿ, ಕುಡಿಯುವ ನೀರು, ಹತ್ತು ನಿಮಿಷ ಮಳಿಗೆ ನೋಡಿಕೊಳ್ಳುವ ಒಬ್ಬ ಗೆಳತಿ ಇವಿಷ್ಟು ಜೊತೆಗಿರಲಿ.

ತಡವಾಗಿ ಬಂದವರಿಗೆ ಏನು ಹೇಳುವುದು?

ಕೊನೆಯ ದಿನ ಕಳೆದ ಮೇಲೂ ಸಂದೇಶಗಳು ಬರುತ್ತಲೇ ಇರುತ್ತವೆ. ಆಗ ಯೋಚಿಸುತ್ತ ಕೂರದಂತೆ ಉತ್ತರವನ್ನು ಮೊದಲೇ ಬರೆದಿಡಿ. ನನ್ನದು ಹೀಗಿದೆ: ‘ಹಬ್ಬದೊಳಗೆ ತಲುಪಿಸಲು ನನ್ನಿಂದ ಆಗದು. ಈಗ ಹೇಳಿದರೆ ಇಂಥ ತಾರೀಖಿಗೆ ಕಳುಹಿಸುತ್ತೇನೆ. ಅಲ್ಲಿಯವರೆಗೆ ಉಡುಗೊರೆಯಾಗಿ ಕೊಡಲು ವಸ್ತುವಿನ ಚಿತ್ರವಿರುವ ಚೀಟಿಯನ್ನು ಇಂದೇ ಕಳುಹಿಸಲೇ?’ ಕಳೆದ ಸಲ ಈ ಉತ್ತರ ಪಡೆದ ಒಂಬತ್ತು ಮಂದಿಯಲ್ಲಿ ಆರು ಮಂದಿ ಒಪ್ಪಿದರು. ಆ ಆರ್ಡರ್‌ಗಳನ್ನು ಹಬ್ಬದ ಮಾರನೆಯ ವಾರ, ಒಂದೊಂದು ಬಟ್ಟಲನ್ನೂ ಕೆನ್ನೆಗೆ ಒತ್ತಿ ತಣ್ಣಗಿಲ್ಲವೆಂದು ಖಾತ್ರಿಪಡಿಸಿಕೊಂಡೇ ಭಟ್ಟಿಗೆ ಇಟ್ಟೆ. ನಲವತ್ತು ಬಟ್ಟಲುಗಳ ಆ ಗ್ರಾಹಕಿ ಮಾತ್ರ ಮತ್ತೆ ಬರಲಿಲ್ಲ.