ಪಿಜಿ ಮಾಡುವಾಗ ನಾನು ಹಿಸ್ಟರಿ ಕೇಳ್ಲಿಕ್ಕೆ ಕಲ್ತದ್ದು

ಹಿಸ್ಟರಿ ಅಂದ್ರೆ ರೋಗಿ ಹತ್ರ ಕೇಳಿ ತಿಳ್ಕೊಳ್ಳುವ ಕಾಯಿಲೆಯ ಕಥೆ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ರದವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಎಂಡಿ ಜನರಲ್ ಮೆಡಿಸಿನ್ ಸೀಟು ಸಿಕ್ಕಿದ್ದು ತೆಂಕು ಕೇರಳದ ಒಂದು ಸರ್ಕಾರಿ ಮೆಡಿಕಲ್ ಕಾಲೇಜಲ್ಲಿ. ನಮ್ಮ ಎಂಟ್ರೆನ್ಸ್ ಪರೀಕ್ಷೆ ನೀಟ್ ಪಿಜಿ 2021ರ ಏಪ್ರಿಲಲ್ಲಿ ಆಗ್ಬೇಕಿತ್ತು, ಕೋವಿಡ್ ಅಂತ ಸೆಪ್ಟೆಂಬರಿಗೆ ಹೋಯ್ತು, ಮತ್ತೆ ಸೀಟು ಹಂಚುವ ಕೌನ್ಸೆಲಿಂಗ್ ಕೋರ್ಟಲ್ಲಿ ಸಿಕ್ಕಿಹಾಕೊಂಡು 2022ರ ಜನವರಿಯಲ್ಲಿ ಶುರುವಾಯ್ತು, ಹಾಗಾಗಿ ನಾವು ವಾರ್ಡಿಗೆ ಹೋಗುವಾಗ ಸೀನಿಯರ್‌ಗಳು ಫಸ್ಟ್ ಇಯರಿನವರ ಕೆಲಸವನ್ನೂ ತಾವೇ ಮಾಡಿ ಮಾಡಿ ಸೋತುಹೋಗಿದ್ರು, ಹೇಳಿಕೊಡ್ಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ.

ಅಡ್ಮಿಷನ್ ಡೇ, ಅಂದ್ರೆ ಹೊಸ ರೋಗಿಗಳನ್ನು ನಮ್ಮ ಯೂನಿಟ್ ಸೇರಿಸಿಕೊಳ್ಳುವ ದಿನ, ಬೆಳಿಗ್ಗೆ ಎಂಟಕ್ಕೆ ಹೊಕ್ಕಿದ್ರೆ ಹೊರಗೆ ಬರುದು ಮರುದಿನ ಮಧ್ಯಾಹ್ನ ಕಳ್ದು. ಪಿಜಿ ಡಾಕ್ಟ್ರ ಡ್ಯೂಟಿ ಒಂದೇ ಸಲಕ್ಕೆ ಸಾಮಾನ್ಯವಾಗಿ 12 ಗಂಟೆ ಮೀರ್ಬಾರ್ದು ಅಂತ ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಸ್ಕೀಮಲ್ಲೇ ಉಂಟು. ನಿದ್ದೆಗೆಟ್ಟು ಪೊಟಾಶಿಯಂ ಡೋಸ್ ಎರಡೆರಡು ಸಲ ಲೆಕ್ಕ ಹಾಕಿದ್ದೇನೆ, ಇದು ರೋಗಿಗೂ ಒಳ್ಳೇದಲ್ಲ, ಇದನ್ನು ಎಲ್ಲಿ ಬೇಕಾದ್ರೂ ಹೇಳ್ತೇನೆ.

ಆದ್ರೆ ನನಗೆ ನಿಜವಾಗಿ ಕಷ್ಟ ಆದದ್ದು ಭಾಷೆ. ನನ್ನ ಮಲಯಾಳ ಕಾಸರಗೋಡಿಂದು, ಅಲ್ಲಿಯವರಿಗೆ ಅರ್ಧ ತಿಳಿಯುದಿಲ್ಲ. ಒಬ್ರು ಅಮ್ಮ ನಡೆಯುವಾಗ 'ಕಿತಪ್ಪ್' ಅಂದ್ರು, ನಾನು ಸುಸ್ತು ಅಂತ ಬರ್ದೆ, ರೌಂಡ್ಸಲ್ಲಿ ಸರ್ ಸ್ಟೆತ್ ಇಟ್ಟು ನೋಡಿದ್ರೆ ಶ್ವಾಸಕೋಶದ ಎರಡೂ ಕಡೆ ಕ್ರೆಪ್ಸ್ (ನೀರು ತುಂಬಿದಾಗ ಕೇಳುವ ಚರಚರ ಸದ್ದು), 'ಕಿತಪ್ಪ್' ಅಂದ್ರೆ ದಮ್ಮು, ಹಾರ್ಟ್ ಫೇಲ್ಯೂರ್. ಆವತ್ತು ರಾತ್ರಿಯೇ ಒಂದು ಪಾಕೆಟ್ ನೋಟ್‌ಬುಕ್ ಶುರು ಮಾಡಿದೆ, ಒಂದು ಕಡೆ ಕನ್ನಡ, ಮತ್ತೊಂದು ಕಡೆ ತುಳು, ನಡುವೆ ರೋಗಿ ಹೇಳಿದ ಮಲಯಾಳ ಶಬ್ದ ಹೇಳಿದ ಹಾಗೇ. ತುಳುವಿನ ತರೆ ಬೇನೆ (ತಲೆನೋವು), ಬಂಜಿ ಬೇನೆ (ಹೊಟ್ಟೆನೋವು), ಮಲಯಾಳದ ತಲಕರಕ್ಕಂ (ತಲೆ ತಿರುಗುದು), ವಯರಿಳಕ್ಕಂ (ಭೇದಿ). ಶಬ್ದ ಮಾತ್ರ ಅಲ್ಲ, ಅದನ್ನು ಹೇಳುವಾಗ ಕೈ ಎಲ್ಲಿ ಇಡ್ತಾರೆ ಅಂತ ಸಹ ಬರೀತಿದ್ದೆ. ಪಿಜಿಯವರು ಮಾಡಿದ ಕೆಲಸ ಬರೆದಿಡುವ ಲಾಗ್ ಬುಕ್ ಗೈಡ್ ಸೈನಿಗೆ, ಈ ನೋಟ್‌ಬುಕ್ ನನಗೆ.

2023ರ ಮಳೆಗಾಲಕ್ಕೆ ಡಿಆರ್‌ಪಿ ಬಂತು, ಅಂದ್ರೆ ಪ್ರತಿ ಪಿಜಿಯೂ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಂಥ ಕಡೆ ಕೆಲಸ ಮಾಡ್ಬೇಕು ಅಂತ ಇರುವ ಪೋಸ್ಟಿಂಗ್. ನಾನು ಕಾಸರಗೋಡು ಜಿಲ್ಲೆ ಕೇಳಿ ತಗೊಂಡೆ. ಬಂದು ಎರಡನೇ ವಾರ ಇರ್ಬೇಕು, ಎಣ್ಮಕಜೆ ಕಡೆಯ ಒಬ್ರು ಅಣ್ಣ, ನಾಲ್ಕು ದಿನದ ಜ್ವರ, ವಾಂತಿ, ಡೆಂಗ್ಯೂ ನೆಗೆಟಿವ್, ಫೈಲಲ್ಲಿ 'ವೈರಲ್ ಫೀವರ್'.

ನಾನು ಕನ್ನಡದಲ್ಲಿ, "ಅಣ್ಣಾ, ಎಲ್ಲಿ ನೋವುದು?" ಕೇಳಿದೆ. ಅವ್ರ ಮುಖವೇ ಬೇರೆ ಆಯ್ತು. "ನೀವು ನಮ್ಮೂರವ್ರಾ ಡಾಕ್ಟ್ರಮ್ಮ? ಮೀನಖಂಡ ಮುಟ್ಲಿಕ್ಕೆ ಆಗುದಿಲ್ಲ" ಅಂತ ಕಾಲು ತೋರಿಸಿದ್ರು. ಜ್ವರದ ಮೊದಲು ಎಂತ ಕೆಲಸ ಮಾಡಿದ್ದು ಕೇಳಿದ್ರೆ ತೋಟದ ಕಣಿ (ನೀರು ಹರಿಯುವ ಕಾಲುವೆ) ಬಿಡಿಸಿದ್ದು, ಬರಿಗಾಲು, ಹಿಮ್ಮಡಿ ಒಡ್ದಿತ್ತು. ಟಾರ್ಚ್ ಹಾಕಿ ನೋಡಿದೆ, ಕಣ್ಣು ಕೆಂಪು, ಪಿಸರಿಲ್ಲ. ಇಲಿ ಮೂತ್ರ ಸೇರಿದ ನೀರಿಂದ, ಒಡೆದ ಚರ್ಮದ ಮೂಲಕ ಬರುವ ಇಲಿಜ್ವರ ಅಂತ ಅಲ್ಲೇ ಅನಿಸ್ತು. ಪ್ಲೇಟ್‌ಲೆಟ್ ಕಡಿಮೆ, ಕಿಡ್ನಿ ಸೋಲುದನ್ನು ತೋರಿಸುವ ಕ್ರಿಯಾಟಿನಿನ್ ಏರ್ತಾ ಇತ್ತು. ಇಲಿಜ್ವರದ ಐಜಿಎಂ ರಕ್ತ ಟೆಸ್ಟ್ ಮೊದಲ ಐದಾರು ದಿನ ನೆಗೆಟಿವ್ ಬರುದುಂಟು, ಅದಕ್ಕೆ ಕಾಯದೆ ಡ್ಯೂಟಿ ಮೇಡಂಗೆ ಫೋನ್ ಮಾಡಿ ಪೆನಿಸಿಲಿನ್ ಶುರು ಮಾಡಿದ್ವಿ, 15 ಲಕ್ಷ ಯೂನಿಟ್, ಆರು ಗಂಟೆಗೊಮ್ಮೆ. ರಾತ್ರಿಯಿಡೀ ಮೂತ್ರ ಅಳೆದು ಬರೆದ್ವಿ. ಡಯಾಲಿಸಿಸ್ ಬೇಕಾಗಿಲ್ಲ, ಮಂಗಳೂರಿಗೆ ಕಳಿಸ್ಬೇಕಾಗಿ ಬರ್ಲಿಲ್ಲ.

ಡಿಸ್ಚಾರ್ಜ್ ದಿನ ಅವ್ರ ಹೆಂಡತಿ ಕೇಳಿದ್ರು, ತೋಟಕ್ಕೆ ಬರುವ ಆಳುಗಳಿಗೆ ಎಂತ ಹೇಳುದು ಅಂತ. ನೋಟ್‌ಬುಕ್ಕಿನ ಹಾಳೆ ಹರ್ದು ಕನ್ನಡದಲ್ಲಿ ಬರ್ದು ಕೊಟ್ಟೆ: ಬೂಟು ಹಾಕಿ, ಗಾಯ ಇದ್ರೆ ಕಣಿಗೆ ಇಳಿಯುದು ಬೇಡ, ಕಣಿ ಕೆಲಸ ಇರುವಷ್ಟು ದಿನ ಪಿಎಚ್‌ಸಿಯಲ್ಲಿ ಕೇಳಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂನ ಎರಡು ಮಾತ್ರೆ, ವಾರಕ್ಕೊಂದು ಸಲ, ಊಟ ಆದ್ಮೇಲೆ, ಬಸುರಿಯರಿಗೆ ಕೊಡ್ಬಾರ್ದು.